ಕೈಗೆ ಗೊತ್ತಿರುವ ಅಡುಗೆಮನೆ

ಭಾನುವಾರ, ಮಟಮಟ ಮಧ್ಯಾಹ್ನ

ನನ್ನ ಮುದ್ದು ಗುಬ್ಬಿ,

ಹೇಗಿದ್ದೀಯೇ? ಫೋನ್ ಮಾಡುವುದು ಬಿಟ್ಟು ಅಮ್ಮ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಫೋನ್ ಹಿಡಿದರೆ ನಿನ್ನಪ್ಪ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾರೆ.

ಮನೆ ಮಾರುವ ಮೊದಲು ಅಡುಗೆಮನೆ ಹೊಸದು ಮಾಡಿಸಲೇಬೇಕೆಂದು ಬ್ರೋಕರ್ ಪಟ್ಟು ಹಿಡಿದಿದ್ದಾನೆ. ಈ ಹಳೇ ಕಟ್ಟೆ, ಬಾಗಿಲಿಲ್ಲದ ಕಪಾಟು ನೋಡಿದೋರು ಹೊಸ್ತಿಲಲ್ಲೇ ವಾಪಸ್ ಹೋಗ್ತಾರೆ ಮೇಡಂ ಅಂದ. ಅಪ್ಪ ಅದಕ್ಕೆ ತಾಳ ಹಾಕಿದರು. ನೀನೂ ಫೋನಿನಲ್ಲಿ, ಮಾಡಿಸಮ್ಮಾ ಅಂದೆ. ನಾನೊಬ್ಬಳೇ ಬೇಡ ಎಂದು ಕೂತೆ. ಧೂಳು ಅಂದೆ, ದುಡ್ಡು ದಂಡ ಅಂದೆ, ಕೊಳ್ಳುವವರು ತಮಗೆ ಬೇಕಾದಂತೆ ಮಾಡಿಸಿಕೊಳ್ಳಲಿ ಅಂದೆ. ಎಲ್ಲ ನೆಪ ಕಣೇ. ನನಗೆ ಭಯ.

ನನಗೆ ಕಣ್ಣು ಕಾಣುತ್ತಿಲ್ಲ ಗುಬ್ಬಿ. ಬೆಳಕಿದ್ದರೆ ಎದುರಿಗಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಇಲ್ಲ. ಹೊತ್ತು ಮುಳುಗಿತೋ, ಏನೂ ಇಲ್ಲ. ಡಾಕ್ಟರ ಹತ್ತಿರ ಒಬ್ಬಳೇ ಹೋಗಿಬಂದೆ. ಇದಕ್ಕೆ ಔಷಧಿಯಿಲ್ಲ, ಉಳಿದದ್ದೂ ನಿಧಾನವಾಗಿ ಹೋಗುತ್ತದೆ ಅಂದರು. ಈ ಅಡುಗೆಮನೆಯಲ್ಲಿ ಮಾತ್ರ ನನಗೆ ಕಣ್ಣು ಬೇಡ. ಒಲೆಯ ಎಡಕ್ಕೆ ಉಪ್ಪು, ಅದರಾಚೆ ದಾರ ಸುತ್ತಿದ ಡಬ್ಬದಲ್ಲಿ ಸಕ್ಕರೆ, ಮೊಣಕೈ ತಗಲುವಲ್ಲಿ ನಲ್ಲಿ. ಅಪ್ಪನಿಗೆ ಇನ್ನೂ ಗೊತ್ತಾಗದಿರುವುದು ಅದಕ್ಕೇ. ಯಾರಾದರೂ ಡಬ್ಬ ಜರುಗಿಸಿದರೆ ನಾನು ಸಿಡುಕುವುದನ್ನು ನೋಡಿ, ಮಹಾರಾಣಿಯವರ ಸಾಮ್ರಾಜ್ಯ ಎಂದು ನಗುತ್ತಾರೆ, ಪಾಪ.

ಮೊನ್ನೆ ಬ್ರೋಕರ್ ಫೋಟೊ ತೆಗೆಯಲೆಂದು ಕಟ್ಟೆಯ ಸಾಮಾನೆಲ್ಲ ಸರಿಸಿದ. ಒಲೆಯನ್ನೂ ಗೋಡೆಯ ಕಡೆಗೆ ತಳ್ಳಿದ್ದ. ಸಂಜೆ ಅಪ್ಪ ಕಾಯಲಿಟ್ಟಿದ್ದ ಹಾಲು ಇಳಿಸಲು ಹೋಗಿ ಉರಿಗೇ ಎಡಗೈ ಕೊಟ್ಟೆ. ಎಣ್ಣೆ ಸಿಡಿಯಿತು ಎಂದು ಅಪ್ಪನಿಗೆ ಸುಳ್ಳು ಹೇಳಿದೆ. ಅಂಗೈ ಸುಟ್ಟದ್ದು ಹಾಳಾಗಲಿ, ನನ್ನದೇ ಅಡುಗೆಮನೆಯಲ್ಲಿ ಎಲ್ಲಿ ನಿಂತಿದ್ದೇನೆಂದು ತಿಳಿಯದೆ ಹೋಯಿತಲ್ಲ. ಹೊಸ ಕಟ್ಟೆ, ಹೊಸ ಡ್ರಾಯರು ಬಂದರೆ ಒಂದೇ ದಿನದಲ್ಲಿ ನನ್ನ ಬಂಡವಾಳ ಬಯಲು. ಆಮೇಲೆ ನೀವ್ಯಾರೂ ನನ್ನನ್ನು ಒಲೆಯ ಹತ್ತಿರ ಬಿಡುವುದಿಲ್ಲ. ಮನೆ ಮಾರಿದ ಮೇಲೂ ಅದೇ ಗತಿ, ಗೊತ್ತು. ಅಲ್ಲಿಯವರೆಗಾದರೂ ಇರಲಿ ಎಂಬ ಆಸೆ.

ಇಷ್ಟಾದರೂ ಇವತ್ತು ಬೆಳಿಗ್ಗೆ ಬ್ರೋಕರಿಗೆ, ಆಯ್ತಪ್ಪ ಒಡೆಸು ಅಂದುಬಿಟ್ಟೆ. ಅಪ್ಪನಿಗೂ ಸಂಜೆ ಎಲ್ಲ ಹೇಳುತ್ತೇನೆ. ಮುಚ್ಚಿಟ್ಟದ್ದು ಸಾಕು. ಯಾಕೆ ಸಾಕು ಎಂಬುದನ್ನು ಬರೆಯಲು ಮಾತ್ರ ಕೈ ಏಳುತ್ತಿಲ್ಲ.

ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ
ಅಮ್ಮ

ತಾ.ಕ.: ಬರೆಯದೆ ವಿಧಿಯಿಲ್ಲ. ಇದು ತಾಯಿಯಿಂದ ಮಕ್ಕಳಿಗೂ ಬರಬಹುದಂತೆ, ಡಾಕ್ಟರು ಹೇಳಿದರು. ಕಳೆದ ಸಲ ಬಂದಾಗ ನೀನು ಸಂಜೆ ನೀರು ಕುಡಿಯಲು ಅಡುಗೆಮನೆಗೆ ಬಂದೆ, ನೆನಪಿದೆಯಾ? ಇನ್ನೂ ಬೆಳಕಿದೆ ಎಂದು ಅಪ್ಪ ದೀಪ ಹಾಕಿರಲಿಲ್ಲ. ನಾನು ಕಟ್ಟೆಯ ಪಕ್ಕದಲ್ಲೇ ನಿಂತಿದ್ದೆ. ನನಗೆ ನೀನು ಕಾಣಲಿಲ್ಲ, ನಿನಗೂ ನಾನು ಕಾಣಲಿಲ್ಲ. ನಿನ್ನ ಕೈ ಗೋಡೆ ಸವರಿಕೊಂಡು ಬರುವ ಸದ್ದು ಮಾತ್ರ ಕೇಳಿತು. ಥೇಟ್ ನನ್ನ ಕೈಯ ಸದ್ದೇ. ಇದನ್ನು ಓದಿದ ಕೂಡಲೇ ಹೋಗಿ ಕಣ್ಣು ತೋರಿಸು ಕಂದಾ.