ನೀರಿಲ್ಲದ ಬ್ಯಾಟರಿಗಳು

ಲೋವೆಲ್,

ನಮ್ಮ ಮನೆಬಂಡಿಯ ದೀಪ, ಫ್ರಿಜ್ ಎರಡೂ ಇವತ್ತು ಕೈಕೊಟ್ಟವು. ಅರಿಜೋನಾದ ಮರಳುಗಾಡಿನ ಬಿಡಾರದಿಂದ ಯೂಮಾದ ಬ್ಯಾಟರಿ ಅಂಗಡಿಗೆ ಬಂಡಿ ಓಡಿಸಿದೆ. ಅಂಗಡಿಯ ಡ್ವೇನ್ ಹಳೆ ಬ್ಯಾಟರಿಗಳ ಮುಚ್ಚಳ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದ.

“ಒಂದು ಹನಿ ನೀರಿಲ್ವಲ್ಲ ಮೇಡಂ! ಇದನ್ನ ನೋಡ್ಕೊಳ್ಳೋರು ಯಾರು?”

“ನನ್ನ ಗಂಡ,” ಅಂದೆ.

“ಗಂಡಸ್ರ ಹಣೆಬರಹಾನೇ ಇಷ್ಟು!” ಎಂದು ನಕ್ಕ. ನಾನೂ ನಕ್ಕೆ.

ತಿಂಗಳಿಗೊಮ್ಮೆ ಮಂಡಿಯೂರಿ ಅವಕ್ಕೆ ನೀರು ಹಾಕುತ್ತಿದ್ದವನು ನೀನು. ನೀನು ತೀರಿಕೊಂಡ ಮೇಲೆ ನಾನು ಆ ಮುಚ್ಚಳ ಮುಟ್ಟಿಯೇ ಇರಲಿಲ್ಲ.

“ಲಿಥಿಯಂದು ಹಾಕಿಸ್ಕೊಂಡುಬಿಡಿ. ನೀರು ಗೀರು ಬೇಡ, ಮರೆತುಬಿಡಬಹುದು,” ಎಂದ.

ನೀರು ಬೇಡುವ ಹಳೆ ನಮೂನೆಯವನ್ನೇ ಹಾಕಿಸಿಕೊಂಡೆ.

ಹೊರಡುವಾಗ ಡ್ವೇನ್ ಕಿಟಕಿಗೆ ಬಂದು, “ಈ ಸಲಾನಾದ್ರೂ ತಿಂಗಳು ತಿಂಗಳು ನೀರು ನೋಡು ಅಂತ ನಿಮ್ ಗಂಡಂಗೆ ಹೇಳಿ,” ಎಂದ.

ಹೇಳ್ತೀನಿ, ಅಂದೆ.