ಹೊಟ್ಟೆ ಕೊಯ್ಯುವ ಮೊದಲು ಒಂದು ಮರೆ ಕಟ್ಟಿಸಿ

ಸಂತಾನ ನಿಯಂತ್ರಣ ಶಿಬಿರಗಳ ಮಾನ್ಯ ಅಧಿಕಾರಿಗಳೇ,

ಶಸ್ತ್ರಚಿಕಿತ್ಸೆಯಲ್ಲಿ ನನ್ನ ಹೆಂಡತಿ ಜಲಜಮ್ಮಳ ಮೂತ್ರಕೋಶಕ್ಕೆ ಚಾಕು ತಗುಲಿದ್ದು "ಆಕೆಯ ಸ್ವಂತ ಅಜಾಗ್ರತೆಯಿಂದ" ಎಂದು ತಾವು ದಯಪಾಲಿಸಿದ ಕಾಗದ ಕೈಸೇರಿತು. ಮೇಜಿನ ಮೇಲೆ ಮಲಗಿದ್ದವಳು ಅವಳು, ಚಾಕು ಹಿಡಿದವರು ತಮ್ಮವರು, ಅಜಾಗ್ರತೆ ಮಾತ್ರ ಅವಳದು! ಇಂಥ ನ್ಯಾಯ ಹೇಳಲು ಎಷ್ಟು ಓದಿರಬೇಕೋ, ಏಳನೇ ಕ್ಲಾಸಿನ ದರ್ಜಿಯಾದ ನನಗೆ ತಿಳಿಯದು.

ಫೆಬ್ರವರಿಯ ಆ ಶಿಬಿರ ತಮಗೆ ನೆನಪಿರಬೇಕು, ತಮ್ಮ ಕೊರಳಿಗೆ ದೊಡ್ಡ ಹಾರ ಬಿದ್ದಿತ್ತಲ್ಲ. ಹೊಟ್ಟೆಯ ಕೆಳಭಾಗ ಕೊಯ್ಯುವ ಮೊದಲು ಮೂತ್ರಕೋಶ ಖಾಲಿಯಿರಬೇಕು, ತುಂಬಿದ್ದರೆ ಚಾಕುವಿನ ದಾರಿಗೇ ಉಬ್ಬಿ ಬರುತ್ತದೆ ಎಂದು ತಮ್ಮ ನರ್ಸಮ್ಮನೇ ಆಮೇಲೆ ನನಗೆ ಹೇಳಿದರು. ಹಾಗಾದರೆ ಶಿಬಿರ ನಡೆದ ಆ ಶಾಲೆಯಲ್ಲಿ ಮೂವತ್ತೆಂಟು ಹೆಂಗಸರು ಎಲ್ಲಿಗೆ ಹೋಗಬೇಕಿತ್ತು? ಹಿಂದುಗಡೆ ಸೋಗೆ ಕಟ್ಟಿದ ಮರೆ ಇದ್ದದ್ದು ಒಂದೇ. ಅದರ ತಡಿಕೆಯ ಬಾಗಿಲಿಗೂ ಬೀಗ. ಜಲಜಮ್ಮ ಜವಾನನನ್ನು ಕೇಳಿದಳು.

"ಅದು ಸಾಹೇಬ್ರಿಗೆ ಕಟ್ಟಿದ್ದು. ನೀವು ಮನೇಲೇ ಮುಗ್ಸ್ಕಂಡು ಬರಕ್ಕಾಗಲ್ವಾ?" ಎಂದನಂತೆ.

ನಮ್ಮ ಮನೆಯಿಂದ ಶಾಲೆಗೆ ಏಳು ಮೈಲಿ. ಬೆಳಿಗ್ಗೆ ಎಂಟಕ್ಕೆ ಕೂತವಳ ಹೆಸರು ಕರೆದದ್ದು ಮಧ್ಯಾಹ್ನ ಮೂರಕ್ಕೆ. ಆಗ ಕಾಂಪೌಂಡರು ಜಗಲಿಯಿಂದಲೇ ಕೂಗಿದರು: "ಎಂತದಮ್ಮಾ, ಒಂದಕ್ಕೆ ಹೋಗ್ ಬಂದ್ಯಾ?" ಪಕ್ಕದಲ್ಲಿ, ಅವಳ ಜೊತೆಗೆ ಬಂದಿದ್ದ ನನ್ನ ಅಣ್ಣ ಬೆಳ್ಳಪ್ಪ ಕೂತಿದ್ದ. ಗಂಡನ ಅಣ್ಣನ ಎದುರು ನಮ್ಮ ಕಡೆಯ ಯಾವ ಹೆಂಗಸು ಅದಕ್ಕೆ "ಇಲ್ಲ" ಎಂದಾಳು? ತಲೆ ತಗ್ಗಿಸಿ "ಹೂಂ" ಅಂದಳು. ತಮ್ಮ ತನಿಖೆ ಅಲ್ಲಿಗೆ ಮುಗಿಯಿತು. ರಬ್ಬರ್ ನಳಿಗೆಯಿಂದ ಮೂತ್ರ ತೆಗೆಯಬಹುದಿತ್ತು, ನಳಿಗೆ ಕುದಿಸಲು ಹೊತ್ತಿರಲಿಲ್ಲವಂತೆ. ತಮ್ಮ ಭಾಷಣಕ್ಕೆ ಮಾತ್ರ ಒಂದೂವರೆ ಗಂಟೆ ಹೊತ್ತಿತ್ತು.

ಮಡಿಸಿದ ಬಟ್ಟೆಗೆ ಕತ್ತರಿ ಹಾಕುವಾಗ ಅಡಿಯ ಪದರ ಸರಿದಿದೆಯೇ ಎಂದು ನಾನು ಬಟ್ಟೆಯನ್ನು ಕೇಳುವುದಿಲ್ಲ. ಕೈ ತೂರಿಸಿ ನೋಡುತ್ತೇನೆ. ಮಕ್ಕಳ ಲಂಗಕ್ಕಿರುವಷ್ಟು ಮರ್ಯಾದೆ ಹೆಂಗಸಿನ ಹೊಟ್ಟೆಗೆ ಬೇಡವೇ?

ಐದು ತಿಂಗಳಾಯಿತು, ಮೂತ್ರ ತಡೆಯಿಲ್ಲದೆ ಸೋರುತ್ತದೆ. ಮದುವೆಮನೆಗಳನ್ನು ಬಿಟ್ಟಳು, ವರದಹಳ್ಳಿಗೆ ದೇವರ ದರ್ಶನಕ್ಕೆ ಹೋಗುವುದನ್ನೂ ಬಿಟ್ಟಳು. ಮೊನ್ನೆ, "ನಂಗೆ ಹೊರಗೇ ಒಂದು ಚಾಪೆ ಹಾಕ್ಕೊಡಿ, ಮಕ್ಕಳಿಗೆ ವಾಸ್ನೆ ಬರ್ತದೆ" ಅಂದಳು. ನನಗೆ ಅಳು ಬಂತು. ಅದರ ಹಿಂದೆಯೇ ತಮ್ಮ ಮೇಲೆ ಹೇಸಿಗೆ ಬಂತು.

ದೊಡ್ಡಾಸ್ಪತ್ರೆಯಲ್ಲಿ ಹೊಲಿದು ಸರಿಮಾಡಬಹುದಂತೆ. ಆದರೆ ಶಿಬಿರದಲ್ಲಾದ ಗಾಯವೆಂದು ತಮ್ಮ ಕಾಗದವಿಲ್ಲದೆ ಸೇರಿಸಿಕೊಳ್ಳರು. "ಸ್ವಂತ ಅಜಾಗ್ರತೆ"ಯನ್ನು ಹೊಡೆದುಹಾಕಿ, ನಡೆದದ್ದನ್ನು ಬರೆದು, ಎಂಟು ದಿನದೊಳಗೆ ಕಳಿಸಿ. ಮುಂದಿನ ಶಿಬಿರ ತೀರ್ಥಹಳ್ಳಿ ಕಡೆಯಂತೆ. ಅಲ್ಲಿ ಹೆಂಗಸರಿಗೆ ಮರೆ ಕಟ್ಟಿಸಿ, ನಳಿಗೆ ಕುದಿಸಿಡಿ. ಆಗದಿದ್ದರೆ ತಮ್ಮ ಮರೆಯ ಬೀಗದ ಕೈಯನ್ನು ಅವರಿಗೆ ಕೊಟ್ಟು, ತಾವು ಎರಡು ಚೊಂಬು ನೀರು ಕುಡಿದು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಬೆಂಚಿನ ಮೇಲೆ ಕೂತು ನೋಡಿ.

ಹರಿದದ್ದು ಬಟ್ಟೆಯಾಗಿದ್ದರೆ ತಮ್ಮಂಥವರ ಬಾಗಿಲಿಗೆ ಬರುತ್ತಿರಲಿಲ್ಲ, ನಾನೇ ಹೊಲಿಯುತ್ತಿದ್ದೆ.

ಇಂತಿ,
ಹಳೆಯ ಪಂಚೆ ಹರಿದು ಹೆಂಡತಿಗೆ ಮಡಿಸಿಕೊಡುತ್ತಿರುವ ದರ್ಜಿ
ಕೆರಿಯಪ್ಪ
ಹೊಸನಗರ ತಾಲ್ಲೂಕು, ಜುಲೈ ೧೯೬೮