ಪರದೆ ಹಿಂದಿನ ಕತ್ತರಿ

ಸುರಪುರ, ನವೆಂಬರ್ ೨, ೧೯೪೮
ಅಂಗಡಿ ತೆರೆದೆ. ಹೊಲಿಗೆ ಮಷೀನಿಗೆ ಎಣ್ಣೆ ಬಿಟ್ಟೆ. ಅಂಗಡಿಯ ಮಾಲೀಕರು, ನನ್ನ ಉಸ್ತಾದ್ ದಸ್ತಗೀರಸಾಬರು ಊರು ಬಿಟ್ಟು ತಿಂಗಳಾಯಿತು. ಮಿಲಿಟರಿ ಬಂದು ನವಾಬರ ಆಳ್ವಿಕೆ ಮುಗಿದ ಮೇಲೆ ಅವರ ಮಂದಿಗೆ ಇಲ್ಲಿ ಜೀವಭಯ. ಹೆಂಡತಿ ಅನ್ವರಬಿಯನ್ನು ಕರೆದುಕೊಂಡು ಗುಲಬರ್ಗಾಕ್ಕೆ ಹೊರಟರು. "ಲೇ ಮೌನ್ಯಾ, ನಾ ಬರೂತನಾ ನೋಡ್ಕೋ" ಎಂದು ಕೀಲಿ ಕೊಟ್ಟರು. ನೋಡಿಕೊಂಡಿದ್ದೇನೆ. ಸುಡಲು ಬಂದವರಿಗೆ ಅಡ್ಡ ನಿಂತು, "ಅಂಗಡಿ ನಂದೈತ್ರೋ" ಎಂದೆ. ಉಳಿಯಿತು. ಸುಳ್ಳು... ಆದರೂ ಹೇಳಲು ಹಿತವಾಗಿತ್ತು.

ನವೆಂಬರ್ ೧೯
ಊರ ಗೌಡರ ಕೋಟಿನ ಬಟ್ಟೆ ಹಾಳು ಮಾಡಿದೆ. ತೋಳು ಕೂರಲಿಲ್ಲ. ಇಷ್ಟು ವರ್ಷ ಉಸ್ತಾದ್ ನನ್ನ ಕೈಗೆ ಕತ್ತರಿ ಕೊಟ್ಟಿದ್ದರೆ ತಾನೆ! ಕಾಜಾ ಹೊಲಿ, ಗುಂಡಿ ಹಚ್ಚು, ಚಹಾ ತಾ. ತಪ್ಪಿದರೆ ಗಜಕೋಲಿನಿಂದ ಬೆರಳಿಗೆ ಏಟು. ಆ ಸಿಟ್ಟು ಇನ್ನೂ ಆರಿಲ್ಲ.

ನವೆಂಬರ್ ೨೨, ಸಂಜೆ
ಉಸ್ತಾದ್ ಬಂದರು. ಒಬ್ಬರೇ. ಗಡ್ಡ ಬೋಳಿಸಿದ್ದಾರೆ, ಗುರುತೇ ಸಿಗಲಿಲ್ಲ. ನಂಟ ಜಲಾಲುದ್ದೀನನ ಮನೆಯಲ್ಲಿ ಇಳಿದಿದ್ದಾರೆ.
"ಏ ಗಧಾ, ತೋಳು ಹಿಂಗ ಕತ್ತರಸ್ತಾರೇನಲೇ?"
ಅಂಗಡಿಯ ಒಳಪರದೆ ಹಿಂದೆ ಕೂತು ಕೋಟು ಸರಿಮಾಡಿದರು. ಕೀಲಿ ಕೇಳಲಿಲ್ಲ. "ಊರು ತಣ್ಣಗಾಗ್ಲಿ, ಆಮ್ಯಾಲ ನೋಡೂಣು" ಎಂದರು.
"ಹೊರಗ ಕಾಣಬ್ಯಾಡ್ರಿ" ಎಂದೆ. ಅವರ ಸಲುವಾಗಿಯೇ. ಬರೀ ಅವರ ಸಲುವಾಗಿ ಅಲ್ಲ — ಗೊತ್ತು.

ಮಾರ್ಚ್ ೪, ೧೯೪೯
ನನ್ನ ಕೈಗುಣಕ್ಕೆ ಈಗ ಶಹಾಪುರದಿಂದಲೂ ಗಿರಾಕಿಗಳು! ಗೌಡರ ಮನೆಯಲ್ಲಿ ಕುರ್ಚಿ ಹಾಕುತ್ತಾರೆ. ಮೊದಲು ಕಟ್ಟೆಯ ಕೆಳಗೆ ನಿಲ್ಲುತ್ತಿದ್ದೆ. ಗಿರಾಕಿ ಬಂದರೆ ಸುಮ್ಮನೆ ಮಷೀನು ತುಳಿಯುತ್ತೇನೆ. ಒಳಗಿನ ಉಸ್ತಾದರ ಕತ್ತರಿ ಸದ್ದು ಕೇಳಿಸಬಾರದು.

ಮಾರ್ಚ್ ೧೧
ಗೌಡರು ಬಂದು ಕೂತರು. "ಮೌನಪ್ಪ, ಸಾಬ ತಿರುಗಿ ಬಂದಾನಂತ. ಹಿಂದ ಬಂದವರಿಗೆ ಅವರವರ ಜಾಗಾ ಬಿಡಿಸಿ ಕೊಡಾಕತ್ತೀವಿ. ಖರೇ ಹೇಳು, ಅಂಗಡಿ ಅವಂದೋ, ನಿಂದೋ?"
ಒಳ್ಳೆಯದಕ್ಕೇ ಕೇಳಿದರು. 'ಅವರದ್ರಿ' ಎಂದಿದ್ದರೆ ಮುಗಿಯುತ್ತಿತ್ತು.
"ನಂದ್ರಿ. ಹೋಗೂ ಮುಂದ ಮಾರಿ ಹೋಗ್ಯಾರ."
ಗೌಡರು ಹೋದ ಮೇಲೆ ಪರದೆ ಸರಿಸಿದೆ. ಹಿಂಬಾಗಿಲು ತೆರೆದಿತ್ತು. ಉಸ್ತಾದ್ ಬಟ್ಟೆ ಅರ್ಧ ಕತ್ತರಿಸಿಟ್ಟು ಹೋಗಿದ್ದರು.

ಮಾರ್ಚ್ ೧೨, ಮಧ್ಯಾಹ್ನ
ಬರಲಾರರು ಅಂದುಕೊಂಡಿದ್ದೆ. ಬರದಿರಲಿ ಎಂದೇ ಬೇಡಿಕೊಂಡಿದ್ದೆ. ಬಂದರು. ಚಪ್ಪಲಿ ಹೊರಗೆ ಬಿಟ್ಟರು. ಬಾಗಿಲ ಬಳಿ, ನಾನು ಕೂರುತ್ತಿದ್ದ ಗೋಣಿತಟ್ಟಿನ ಮೇಲೆ ಕೂತರು.
"ಉಸ್ತಾದ್, ಒಳಗ ಬರ್ರಿ."
ತಲೆ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸುತ್ತ ಕೇಳಿದರು: "ಮಾಲಕ್ರ, ಇವತ್ತ ಏನ ಕೆಲಸ ಐತ್ರಿ?"
ಹೇಳಿಬಿಟ್ಟೆ. ಕೆಲಸ ಹೇಳಿಬಿಟ್ಟೆ, ನನ್ನ ಬಾಯಿಗೆ ಮಣ್ಣು ಬೀಳಲಿ.